ಉಡ ಬೆನ್ನು ತಿರುಗಿಸಿದಾಗ

ಕೆರೆಗೆ ಇಳಿಯುವ ದಾರಿಯಲ್ಲಿ, ಹುತ್ತದ ಮುಂದೆ, ಒಂದು ಹೆಣ್ಣು ಉಡ ಅಡ್ಡ ನಿಂತಿತ್ತು. ಅದರ ಎದುರಿಗೆ ಒಂದು ಟಗರು, ಟಗರಿನ ಹಿಂದೆ ನಿನ್ನೆಯಿಂದ ನೀರು ಕಾಣದ ಕುರಿಗಳಿದ್ದವು.

"ದಾರಿ ಬಿಡಮ್ಮ," ಎಂದಿತು ಟಗರು.

"ಬಿಡಲ್ಲ, ಏನು ಮಾಡ್ತೀಯೋ ಮಾಡು," ಎಂದು ಉಡ ಬೆನ್ನು ತಿರುಗಿಸಿತು.

ಟಗರುಗಳ ಕಾಳಗದಲ್ಲಿ ಬೆನ್ನು ತಿರುಗಿಸಿದವನು ಸೋತವನು, ಅವನನ್ನು ಗುದ್ದಬಾರದು. ಟಗರು ಮರ್ಯಾದೆಯಿಂದ ತಲೆ ಎತ್ತಿ ನಿಂತಿತು. ಅಷ್ಟರಲ್ಲಿ ಉಡದ ಬಾಲ ಗಿರ್ರನೆ ಸುತ್ತಿ ಬಂದು ಟಗರಿನ ಕೆನ್ನೆಗೆ ಬಾರಿಸಿತು.

"ಮೋಸ! ಮೋಸ!" ಎಂದು ಕುರಿಗಳು ಅರಚಿದವು.

"ನಿಮ್ಮ ಶಾಸ್ತ್ರ ನನಗೇನು ಗೊತ್ತು? ನಾವು ಹೊಡೆಯೋದೇ ಹೀಗೆ," ಎಂದು ಉಡ ಮತ್ತೆ ತಿರುಗಿತು. ಈ ಸಲ ಟಗರಿನ ತಲೆ ಯೋಚಿಸುವ ಮೊದಲೇ ತಾನಾಗಿ ಬಗ್ಗಿತು. ಬಾಲ ಕೊಂಬಿಗೆ ಬಡಿದು ಜಜ್ಜಿಹೋಯಿತು. ಉಡ ನೋವಿನಿಂದ ತೆವಳಿ ಹೋಗಿ, ಇತ್ತ ಬೆನ್ನು ಮಾಡಿ ಹುತ್ತವನ್ನು ತಬ್ಬಿಕೊಂಡಿತು.

"ಗುದ್ದಣ್ಣ, ಗುದ್ದು! ಅದು ಮತ್ತೆ ಸುತ್ತುತ್ತೆ!" ಎಂದು ಕುರಿಗಳು ಕೂಗಿದವು.

ಟಗರಿನ ಕೆನ್ನೆ ಇನ್ನೂ ಉರಿಯುತ್ತಿತ್ತು. ಇದು ಸೋತ ಬೆನ್ನೋ, ಹೊಡೆಯುವ ಬೆನ್ನೋ ಅದಕ್ಕೆ ತಿಳಿಯಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಟಗರು ಹಿಂದೆ ಸರಿಯುವುದು ಗುದ್ದುವುದಕ್ಕೇ ಎಂದು ಬಲ್ಲ ಉಡ ಕಣ್ಣು ಮುಚ್ಚಿಕೊಂಡಿತು.

ಏಟು ಬೀಳಲಿಲ್ಲ.

"ಹೆದರಬೇಡ ತಾಯಿ, ನಿನ್ನ ಬಾಲಕ್ಕೆ ಸಿಗದಷ್ಟು ದೂರ ನಿಂತಿದ್ದೇನೆ, ಅಷ್ಟೆ," ಎಂದಿತು ಟಗರು. "ಈಗ ಹೇಳು, ಈ ಬೆನ್ನು ಯಾವುದು?"

"ಒಳಗೆ ಮೊಟ್ಟೆ ಇವೆಯಪ್ಪ," ಎಂದಿತು ಉಡ.

ಟಗರು ಕುರಿಗಳನ್ನು ಕರೆದುಕೊಂಡು, ಪಕ್ಕದ ಮುಳ್ಳುಕಂಟಿಯನ್ನು ಕೊಂಬಿನಿಂದ ಸರಿಸುತ್ತಾ ಸುತ್ತಿ ಬಳಸಿ ಕೆರೆಗೆ ಇಳಿಯಿತು.