ಕಣ್ಣು ಮುಚ್ಚಿದ ಸಾಕ್ಷಿ

"ಕೇಳಿರಪ್ಪೋ ಕೇಳಿ! ಏಳುಗೆರೆಯ ನ್ಯಾಯಾಧಿಕಾರಿ ತೀರಿಕೊಂಡು ಗದ್ದಿಗೆ ಖಾಲಿಯಾಗಿದೆ. ರಾಣಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವರಿಗೆ ಗದ್ದಿಗೆಯ ಜೊತೆಗೆ ಬೇಡಿದ್ದೊಂದು ಸಿಗುತ್ತದೆ. ತಪ್ಪಿದವರ ತಲೆ ಹೋಗುವುದಿಲ್ಲ. ತಲೆ ಇರುವವರೆಗೂ ರಜೆಯಿಲ್ಲದ ಅರಮನೆ ಚಾಕರಿ!"

ಡಂಗುರ ಆನೆಲಾಯದವರೆಗೂ ಕೇಳಿಸಿತು. ಅಲ್ಲಿ ಕಾವಾಡಿ ಕೆಂಚ ಆನೆಮರಿಯ ಬೆನ್ನು ತಿಕ್ಕುತ್ತಿದ್ದ. ಪಟ್ಟದಾನೆ ಸಂಪಿಗೆ ಮರಿ ಹಾಕಿದ ವಾರವೇ ಹೊಳೆಯಾಚೆಯ ತವರಿನಲ್ಲಿ ಅವನ ಹೆಂಡತಿ ಮುದ್ದಿ ಹೆಣ್ಣುಮಗು ಹೆತ್ತಿದ್ದಳು. ಆದರೆ ಪಟ್ಟದಾನೆಯ ಮರಿ ತಾನಾಗಿ ಹುಲ್ಲು ತಿನ್ನುವವರೆಗೆ ಕಾವಾಡಿ ಲಾಯ ಬಿಟ್ಟು ಕದಲಬಾರದೆಂಬುದು ಹಳೆಯ ಕಟ್ಟಳೆ. ಸಂಪಿಗೆಗೆ ಬಾಣಂತನದ ಬಿಡುವಿತ್ತು, ಅಂಬಾರಿಯಿಲ್ಲ, ಮೆರವಣಿಗೆಯಿಲ್ಲ. ಕೆಂಚನಿಗೆ ಬಿಡುವಿರಲಿಲ್ಲ. ಮಗಳ ಮುಖವನ್ನು ಅವನಿನ್ನೂ ಕಂಡಿರಲಿಲ್ಲ.

"ಗೆದ್ದರೆ ರಜೆ ಕೇಳ್ತೀನಿ," ಎಂದ.

"ಸೋತರೆ ಮಗಳ ಮದುವೆಗೂ ಹೋಗೋ ಹಾಗಿಲ್ಲ ಕಣೋ," ಎಂದ ಮುದಿ ಮಾವುತ ಜಟ್ಟಣ್ಣ.

"ಹೆಸರಿಡೋದಕ್ಕೇ ಹೋಗಲಿಲ್ವಲ್ಲ, ಜಟ್ಟಣ್ಣ."

ಸಭೆ ತುಂಬಿತ್ತು. ರಾಣಿ ಮೊದಲ ಒಗಟು ಹೇಳಿದಳು: "ಇಬ್ಬರು ಸೇರಿ ಹಾಕಿದ ಗಂಟು, ಅದೇ ಇಬ್ಬರು ಮನಸ್ಸು ಮಾಡಿದರೂ ಬಿಚ್ಚಲಾಗದು. ಏನದು?"

ಪಾಳೇಗಾರನ ಮಗ ವೀರಮಲ್ಲ ಮೀಸೆ ತಿರುವಿ, "ಮದುವೆ!" ಎಂದ.

"ಅದು ಬಿಚ್ಚುತ್ತದಪ್ಪ. ಬಿಚ್ಚಿಸಿಕೊಳ್ಳಲು ಬಂದ ಕುಂಬಾರ ಗಂಡಹೆಂಡಿರು ಅಂಗಳದಲ್ಲಿ ಮಗುವಿಗಾಗಿ ಕಿತ್ತಾಡುತ್ತಿರುವುದು ಕೇಳಿಸುತ್ತಿಲ್ಲವೇ? ಹಿಡಿ ಬೀಸಣಿಗೆ."

ವೀರಮಲ್ಲ ಗಾಳಿ ಹಾಕತೊಡಗಿದ. ಕಂಬದ ಮರೆಯಿಂದ ಕೆಂಚ ಮುಂದೆ ಬಂದ. ಅವನೊಡನೆ ಲಾಯದ ವಾಸನೆಯೂ ಬಂತು.

"ಆ ಮಗುವೇ ಗಂಟು, ತಾಯಿ. ತಾಳಿ ಬಿಚ್ಚಿದರೂ ಅಪ್ಪ ಅಪ್ಪನೇ, ಅವ್ವ ಅವ್ವನೇ."

ರಾಣಿ ಹುಬ್ಬೇರಿಸಿ ಎರಡನೆಯದನ್ನು ಹೇಳಿದಳು: "ಈ ಸಾಕ್ಷಿಗೆ ಮಾತು ಬಾರದು, ಸುಳ್ಳು ಬಾರದು. ಕಣ್ಣು ಮುಚ್ಚಿಕೊಂಡೇ ನಿಜ ಹೇಳುತ್ತದೆ. ಯಾರದು?"

"ತಪಸ್ವಿ," ಎಂದರು ಆಸ್ಥಾನದ ಜೋಯಿಸರು.

"ಕಣ್ಣು ಮುಚ್ಚಿಕೊಂಡು ಸುಳ್ಳು ಹೇಳಿದ ತಪಸ್ವಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದೀಪಗಳಿಗೆ ಎಣ್ಣೆ ಹಾಕಿ ಹೋಗಿ, ಜೋಯಿಸರೇ."

ಕೆಂಚ ತಲೆ ಕೆರೆದುಕೊಂಡ. "ಮಗುವಿನ ನಿದ್ದೆ ಇರಬೇಕು, ತಾಯಿ. ನಮ್ಮ ಮರಿ ಹಗಲೆಲ್ಲ ಯಾರ ಸೊಂಡಿಲು ಸಿಕ್ಕರೂ ಎಳೆದು ಆಡುತ್ತೆ. ಕಾಲು ಚಾಚಿ ಮಲಗೋದು ಮಾತ್ರ ಭಯವಿಲ್ಲದ ಕಡೆ. ಅವ್ವನ ಪಕ್ಕ ಮಲಗುತ್ತೆ. ಅದನ್ನ ಸಾಕೋ ಮುದಿಯಾನೆ ಪಕ್ಕಾನೂ ಮಲಗುತ್ತೆ. ಮಿಕ್ಕವರ ಹತ್ತಿರ ಇಲ್ಲ."

ರಾಣಿ ಸೈ ಎನ್ನಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಮೂರನೆಯದನ್ನು ಹೇಳಿದಳು: "ಕೊಡುವವನಿಗೆ ಕೈ ಖಾಲಿಯಾದಂತೆ ತೋರುತ್ತದೆ. ಕೊಡದಿದ್ದರೆ ಎದುರಿಗಿರುವವನೂ ಇಲ್ಲದವನಂತೆ. ಕೊಟ್ಟರೆ, ಹೋದವನು ಇಡಿಯಾಗಿ ಮರಳಿ ಬರುತ್ತಾನೆ. ಏನದು?"

"ಸಾಲ!" ಎಂದ ಜವಳಿ ಸೆಟ್ಟಿ.

"ಸಾಲ ಕೊಟ್ಟರೆ ಹೋದವನು ಬರುತ್ತಾನೆಯೇ, ಸೆಟ್ಟರೇ?"

ಸಭೆ ಬಿದ್ದು ಬಿದ್ದು ನಕ್ಕಿತು. ಸೆಟ್ಟಿ ಆನೆಗೆ ಹುಲ್ಲು ಕೊಯ್ಯಲು ನಡೆದ. ನಗು ನಿಂತಿತು. ಕೆಂಚನ ಕಣ್ಣು ಕಿಟಕಿಯಾಚೆಯ ಹೊಳೆಯ ಮೇಲಿತ್ತು. ಸೋತರೆ ಆ ಹೊಳೆಯನ್ನು ಇನ್ನು ದಾಟುವಂತಿಲ್ಲ.

"ಏ ಹುಡುಗಾ, ಎಲ್ಲಿದ್ದೀಯ?" ಎಂದು ರಾಣಿ ಗದರಿದಳು.

"ಹೊಳೆಯಾಚೆ, ತಾಯಿ," ಎಂದುಬಿಟ್ಟ ಕೆಂಚ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಮುಖ ಅರಳಿತು. "ಎದುರಿಗಿದ್ದೂ ಇಲ್ಲದವನು ನಾನೇ! ರಜೆ, ತಾಯಿ, ರಜೆ! ಮೈ ಇಲ್ಲಿ ಮರಿಯ ಬೆನ್ನು ತಿಕ್ಕುತ್ತೆ, ಜೀವ ಅಲ್ಲಿ ತೊಟ್ಟಿಲ ಹತ್ತಿರ. ಒಂದು ಸಲ ಕಳಿಸಿಕೊಡಿ, ಎರಡೂ ಸೇರಿ ಬರುತ್ತವೆ."

ರಾಣಿ ಎದ್ದು ನಿಂತಳು. "ಮೂರೂ ಸರಿ. ಎರಡನೆಯದನ್ನು ಮಾತ್ರ ಈಗಲೇ ಪರೀಕ್ಷಿಸೋಣ."

ಕುಂಬಾರರ ಮಗುವನ್ನು ಕರೆತಂದರು. ತಾಯಿಯ ಹೆಗಲ ಮೇಲೆ ಅದು ಬೇಗ ಮಲಗಿತು. ತಂದೆಯ ತೊಡೆಗೆ ಹಾಕಿದಾಗ ತುಸು ಕೊಸರಾಡಿ ಅಲ್ಲೂ ಮಲಗಿತು. ವಾಸಕ್ಕೆ ತಾಯಿಯ ಮನೆ, ಸಂತೆಯ ದಿನ ತಂದೆಯ ಮನೆ ಎಂದು ತೀರ್ಪಾಯಿತು. ಗಂಡಹೆಂಡಿರು ಪಿಸುಮಾತಿನಲ್ಲೇ ಒಪ್ಪಿದರು. ಜೋರು ಮಾಡಿದರೆ ಮಗು ಏಳುತ್ತಿತ್ತು.

"ಗದ್ದಿಗೆ ನಿನ್ನದು. ಇನ್ನು ಬೇಡಿಕೆ ಹೇಳು," ಎಂದಳು ರಾಣಿ.

"ಗದ್ದಿಗೆ ಇರಲಿ, ತಾಯಿ. ಮೊದಲು ರಜೆ."

"ಮರಿಯನ್ನು ನೋಡುವವರು?"

ಕೆಂಚ ಬೀಸಣಿಗೆ ಹಿಡಿದ ವೀರಮಲ್ಲನ ಕಡೆಗೂ ಎಣ್ಣೆ ಗಿಂಡಿ ಹಿಡಿದ ಜೋಯಿಸರ ಕಡೆಗೂ ನೋಡಿದ. ರಾಣಿಗೆ ನಗು ತಡೆಯಲಾಗಲಿಲ್ಲ. ಇನ್ನು ಮೇಲೆ ಹೆರಿಗೆ, ಕಾಯಿಲೆ, ಸಾವು ಯಾರ ಮನೆಯಲ್ಲಾದರೂ ಮೊದಲು ರಜೆ, ಆಮೇಲೆ ಮಾತು ಎಂದು ಅವಳು ಹಳೆಯ ಕಟ್ಟಳೆ ಮುರಿದಳು.

"ನಮಗೂ?" ಎಂದ ವೀರಮಲ್ಲ, ಸಣ್ಣ ದನಿಯಲ್ಲಿ.

"ನಿಮಗೂ. ಕೆಂಚ ಬಂದ ಮೇಲೆ."

ಹೊಳೆ ದಾಟಿ ಬಂದ ಕೆಂಚನನ್ನು ಮುದ್ದಿ ಬಾಗಿಲಲ್ಲೇ ತಡೆದಳು. "ಬಂದ್ಯಾ? ಆನೆಗೇ ಅಪ್ಪ ಆಗಿಬಿಟ್ಟೆ ಅಂದ್ಕೊಂಡಿದ್ದೆ."

ಅವನು ಎತ್ತಿಕೊಂಡ ಕೂಡಲೇ ಮಗು ಕಿಟಾರನೆ ಕಿರುಚಿತು. ಕೆಂಚ ಆನೆಯಂತೆ ತೂಗುತ್ತ ಅಂಗಳದಲ್ಲಿ ನಡೆದ. ನಡೆಯುತ್ತಲೇ ಮುದ್ದಿಗೆ ಮೂರೂ ಒಗಟು ಹೇಳಿದ. ಮೂರನೆಯದು ಮುಗಿಯುವಷ್ಟರಲ್ಲಿ ಅವನ ಹೆಗಲು ಬೆಚ್ಚಗೆ ಒದ್ದೆಯಾಗಿತ್ತು. ಮಗು ಬಾಯಿ ತೆರೆದು ನಿದ್ದೆಹೋಗಿತ್ತು.

"ಸಾಕ್ಷಿ ಹೇಳಿಬಿಟ್ಟಳು," ಎಂದಳು ಮುದ್ದಿ. "ಒಳಗೆ ಬಾ."

ಗದ್ದಿಗೆ ಇನ್ನೂ ಕೆಲವು ದಿನ ಖಾಲಿಯೇ ಇತ್ತು. ದೂರು ತಂದವರಿಗೆ ಬಾಗಿಲಲ್ಲಿ ಉತ್ತರ ಸಿಗುತ್ತಿತ್ತು: ಏಳುಗೆರೆಯ ಹೊಸ ನ್ಯಾಯಾಧಿಕಾರಿಗಳು ರಜೆಯ ಮೇಲಿದ್ದಾರೆ.