ಹಳೇ ಮನೆಯ ಕೀಲಿ

ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿತ್ತು. ಅದು ಕೈಕೊಟ್ಟರೆ ರೋಗಿಗಳ ವಿವರವೆಲ್ಲ ಹೋದಂತೆಯೇ. ಜಿಲ್ಲೆಯಿಂದ ಬಂದ ಎಂಜಿನಿಯರ್ ತ್ರಿಯಂಬಕ ಪಕ್ಕದಲ್ಲೇ ಸದ್ದು ಮಾಡದ ಹೊಸ ಎಸ್‌ಎಸ್‌ಡಿ ಡಿಸ್ಕ್ ಜೋಡಿಸಿದರು.

"ಕಂಪ್ಯೂಟರ್ ನಡೆಸೋ ಲಿನಕ್ಸ್, ರೋಗಿಗಳ ವಿವರ ಎಲ್ಲ ಪೂರ್ತಿ ಹೊಸದಕ್ಕೆ ಸಾಗಿಸಿದ್ದೇನೆ. ಕೆಲಸ ಮುಗೀತು ಅಂತ ಸಹಿ ಹಾಕು. ನಿನಗೆ ಅರ್ಥವಾಗೋ ವಿಷಯವಲ್ಲ."

ಚೀಟಿ ಕೊಡುವ ಹುಸೇನ್‌ಬಿಗೆ ಕಟಕಟ ಇನ್ನೂ ಕೇಳುತ್ತಿತ್ತು. ಬಾಡಿಗೆ ಮನೆ ಬದಲಿಸಿ ಬದಲಿಸಿ ಪಳಗಿದ ಹೆಂಗಸು ಅವಳು.

"ಆಗಲಿ ಸರ್. ಹೊಸ ಮನೆಗೆ ಬಂದಮೇಲೆ ಹಳೇ ಮನೆ ಕೀಲಿ ಕೊಡಬೇಕಲ್ಲ? ಆ ಹಳೇ ಡಿಸ್ಕ್ ಬಿಚ್ಚಿ ನನ್ನ ಕೈಗಿಡಿ. ಕಂಪ್ಯೂಟರ್ ಶುರುವಾದರೆ ಸಹಿ ಹಾಕ್ತೀನಿ."

ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ತ್ರಿಯಂಬಕ ಬಿಚ್ಚಲೇಬೇಕಾಯಿತು. ಗುಂಡಿ ಒತ್ತಿದರು. ಪರದೆ ಕಪ್ಪಗೇ ಉಳಿಯಿತು. ಸಾಮಾನೆಲ್ಲ ಹೊಸ ಮನೆಗೆ ಬಂದಿತ್ತು, ಸಂಸಾರ ಮಾತ್ರ ಹಳೇ ಮನೆಯಲ್ಲೇ ನಡೆದಿತ್ತು.

"ಹೊಸ ವಿಳಾಸ ಹೇಳೋದು ಮರೆತಿರಬೇಕು ಸರ್," ಅಂದಳು ಹುಸೇನ್‌ಬಿ, ಅವರಿಗೆ ಕುರ್ಚಿ ಸರಿಸುತ್ತ. "ನಮ್ಮ ಯಜಮಾನರೂ ಹಳೇ ಮನೆ ಬಾಗಿಲನ್ನೇ ಹೋಗಿ ತಟ್ಟಿದ್ದರು."

ಸಾಲು ನಕ್ಕಿತು. ತ್ರಿಯಂಬಕ ಹಳೇದನ್ನು ಮತ್ತೆ ಜೋಡಿಸಿ, ಕಂಪ್ಯೂಟರ್ ಇನ್ನು ಹೊಸ ಡಿಸ್ಕಿನಿಂದಲೇ ಶುರುವಾಗುವಂತೆ ವಿಳಾಸ ತಿದ್ದಿ, ತಿರುಗಿ ಬಿಚ್ಚಿದರು. ಈ ಸಲ ಕಂಪ್ಯೂಟರ್ ಸದ್ದಿಲ್ಲದೆ ಎದ್ದಿತು, ಕಣ್ಣು ಮಿಟುಕಿಸುವಷ್ಟರಲ್ಲಿ.

ಅವರು ಹಳೇ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು.

"ತಗೊಳ್ಳಿ ಅಮ್ಮ, ನಿಮ್ಮ ಕೀಲಿ."