ಕಡಲೆ ಹುಳಿ ಮತ್ತು ಅವ್ವನ ಕಂಬಳಿ

"ಯಕ್ಕಾ, ಫಕೀರವ್ವನ ಹೊಲಕ್ಕ ಹೆಂಗ ಹೋಗಬೇಕ?"

ಮಂಜಿನೊಳಗೆ ಯಾರೋ ಬಗ್ಗಿ ನಿಂತಿದ್ದು ಕಂಡು ಕಾಶವ್ವ ಕೂಗಿ ಕೇಳಿದಳು. ಅವಸರದಲ್ಲಿ ಒಂದು ಸ್ಟಾಪು ಮೊದಲೇ ಬಸ್ಸಿಳಿದು ದಾರಿ ತಪ್ಪಿದ್ದಳು. ಸುತ್ತ ಎರೆ ಭೂಮಿ. ಮರವಿಲ್ಲ, ಗುಡ್ಡವಿಲ್ಲ, ಗುರುತಿಗೆ ಒಂದು ಕಲ್ಲೂ ಇಲ್ಲ. ಕಂಬಳಿ ಮಾರುತ್ತ ಪಂಢರಪುರ, ಸೊಲ್ಲಾಪುರ, ಹೈದರಾಬಾದು, ದಿಲ್ಲಿಯವರೆಗೂ ಗಂಟು ಹೊತ್ತು ತಿರುಗಿದ ಹೆಂಗಸು ಅವಳು. ಅಂಥವಳಿಗೆ ಈಗ ಒಂದು ಕಡಲೆ ಹೊಲ ಸಿಗುತ್ತಿರಲಿಲ್ಲ.

ಬಗ್ಗಿದ್ದವಳು ತಲೆ ಎತ್ತಲಿಲ್ಲ. "ಅದರಾಗ ನಿಂತೀ. ಇನ್ನೊಂದು ಹೆಜ್ಜಿ ಇಟ್ಟಿ ಅಂದ್ರ ನನ್ನ ಅರಿವಿ ತುಳೀತಿ."

ದನಿ ಕೇಳಿದ್ದೇ ಕಾಶವ್ವ ನಕ್ಕಳು. ಅವಳೇ ಫಕೀರವ್ವ, ಹಳೆಯ ಗೆಳತಿ. ಮುಖ ಮೂಗಿನ ತನಕ ಸೆರಗಿನಲ್ಲಿ ಮುಚ್ಚಿಹೋಗಿತ್ತು. ಅಷ್ಟು ಚಳಿ.

ಆ ಸೀಮೆಯಲ್ಲಿ ಚಳಿಗಾಲದ ಸಂಜೆ ಕಡಲೆ ಗಿಡಗಳ ಮೇಲೆ ತೆಳ್ಳನೆಯ ಅರಿವೆ ಹಾಸುತ್ತಾರೆ. ರಾತ್ರಿ ಬಿದ್ದ ಇಬ್ಬನಿ ಗಿಡದ ಹುಳಿಯನ್ನು ತೊಳೆದು ಅರಿವೆಗೆ ಇಳಿಸುತ್ತದೆ. ಬೆಳಗ್ಗೆ ಹಿಂಡಿ ಭರಣಿಗೆ ತುಂಬಿಡುತ್ತಾರೆ. ಹೊಟ್ಟೆನೋವು ಬಂದಾಗ ಒಂದು ಚಮಚ ಕುಡಿಸುತ್ತಾರೆ.

ಇಬ್ಬರ ನಡುವೆ ಒಂದು ಪಂದ್ಯ ಇತ್ತು. ಕೆಲವು ವರ್ಷಗಳ ಹಿಂದೆ ಇದೇ ಹೊಲದ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವಾಗ ಕಟ್ಟಿದ್ದು. ಭೂಮಿ ಬಿಸಿಯಾಗುತ್ತಿದೆ, ಚಳಿಗಾಲ ಸಣ್ಣದಾಗುತ್ತಿದೆ ಎಂದು ರೇಡಿಯೋದಲ್ಲಿ ಯಾರೋ ಹೇಳುತ್ತಿದ್ದರು. ಖರೆ ಎಂದಿದ್ದಳು ಫಕೀರವ್ವ.

"ದಿಲ್ಲಿ ಚಳಿ ಉಂಡು ಬಂದಾಕಿ ನಾನು," ಎಂದಿದ್ದಳು ಕಾಶವ್ವ. "ಚಳಿ ಎಲ್ಲೂ ಹೋಗಿಲ್ಲ. ಬರೂದು ತಡಾ ಮಾಡೈತಿ ಅಷ್ಟ. ಚಳಿಗಾಲ ಹೋತು ಅಂತ ನನ್ನ ಬಾಯಿಂದ ಅನ್ನಿಸು, ನನ್ನ ಹೆಗಲ ಮ್ಯಾಲಿನ ಈ ಕಂಬಳಿ ನಿಂದು."

"ನೀ ಗೆದ್ದರ ಭರಣಿ ತುಂಬ ಹುಳಿ ನಿಂದು," ಎಂದಿದ್ದಳು ಫಕೀರವ್ವ.

ಹೆಗಲ ಮೇಲಿನ ಕಂಬಳಿ ಮಾರುವ ಕಂಬಳಿಯಲ್ಲ. ಅದು ಅವಳ ಅವ್ವನದು. ಸಣ್ಣವಳಿದ್ದಾಗ ಚಳಿಗಾಲವೆಲ್ಲ ತಾಯಿ ಮಗಳು ಅದರೊಳಗೇ ಮಲಗುತ್ತಿದ್ದರು. ನಸುಕಿನಲ್ಲಿ ಅವ್ವ ಹಸಿ ಕಡಲೆ ಗಿಡವನ್ನು ಬೆಂಕಿಗೆ ಹಿಡಿದು ಸುಟ್ಟು, ಬೂದಿ ಊದಿ, ಬಿಸಿ ಕಾಳನ್ನು ಮಗಳ ಅಂಗೈಗೆ ಹಾಕುತ್ತಿದ್ದಳು. ಅವ್ವ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ಯಾವ ಊರ ಜಗುಲಿಯಲ್ಲಿ ಮಲಗಿದರೂ, ಗಾಳಿ ಸ್ವಲ್ಪ ತಣ್ಣಗಾಯಿತೆಂದರೆ ಕಾಶವ್ವ ಆ ಕಂಬಳಿಯನ್ನು ಮುಖದ ತನಕ ಎಳೆದುಕೊಂಡು ಕಾಯುತ್ತಿದ್ದಳು. ಚಳಿ ಹಳೆಯ ಹಾಗೆ ಒಮ್ಮೆ ತಿರುಗಿ ಬಂದೀತು. ಅದರ ಜೊತೆ ಇನ್ನೇನು ಬರಬೇಕಿತ್ತು ಎನ್ನುವುದನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಈ ವಾರ ಅಂಥ ಚಳಿ ಬಿದ್ದಿತ್ತು. ಬಸ್ಸಿನಲ್ಲಿ ಒಬ್ಬರು, "ಭೂಮಿ ಬಿಸಿ ಆಗೇತಂತ, ಹೌದ? ಹಂಗಾರ ನನ್ನ ಹಲ್ಯಾಕ ಕಡೀತಾವ?" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಕಾಶವ್ವನೇ.

ಫಕೀರವ್ವ ಅರಿವೆ ಎತ್ತಿ ಹಿಂಡಿದಳು. ಹುಳಿ ಬೋಗುಣಿಗೆ ಧಾರೆಯಾಗಿ ಇಳಿಯಿತು. ಹೊಲ ತುಳಿದ ಕಾಶವ್ವನ ಬಿರುಕು ಹಿಮ್ಮಡಿ ಹುಳಿ ತಾಗಿ ಆಗಲೇ ಚುರುಗುಟ್ಟುತ್ತಿತ್ತು. ಆ ಉರಿಯೂ ಅವಳಿಗೆ ಹಿತವಾಗಿತ್ತು.

"ಕಣ್ಣು ಅದಾವಲ್ಲ, ನೋಡು," ಎಂದಳು. "ಸೋತೆ ಅನ್ನು."

"ಸೋತರ ನನಗಿಂತ ಖುಷಿ ಪಡಾಕಿ ಯಾರದಾರ? ನಡಿ ಮನಿಗೆ. ಹುಳಿ ಕೊಡ್ತೀನಿ."

ಮನೆಯ ಮೂಲೆಯಲ್ಲಿ ಅತ್ತೆಯ ಕಾಲದ ದೊಡ್ಡ ಭರಣಿ ಅಡ್ಡಬಿದ್ದಿತ್ತು. ಅದರೊಳಗೆ ಒಂದು ಕೋಳಿ ಕಾವು ಕೂತಿತ್ತು. ಕಾಶವ್ವನನ್ನು ನೋಡಿ ಕೊಕ್ ಕೊಕ್ ಎಂದು ಗದರಿತು.

"ಇದ್ಯಾಕ ಇಲ್ಲಿ?"

"ಭರಣಿ ತುಂಬಲಾರದಂಗ ಆತು. ಬರಿದ ಯಾಕಿಡೂದಂತ ಅದಕ್ಕ ಕೊಟ್ಟೆ. ಆಮ್ಯಾಲೆ ಆ ಸಣ್ಣ ಭರಣಿ ಇಟ್ಟೆ, ಅದೂ ತುಂಬಲಿಲ್ಲ. ಈಗ ಇದು." ಗೋಡೆಯ ಗೂಡಿನಿಂದ ಒಂದು ಔಷಧದ ಬಾಟಲಿ ತೆಗೆದು ಇವತ್ತಿನ ಹುಳಿಯನ್ನು ಅದಕ್ಕೆ ಸುರಿದಳು. ಬಾಟಲಿ ಅರ್ಧಕ್ಕೆ ಬಂದು ನಿಂತಿತು. "ಸಂಕ್ರಾಂತಿ ಮುಗೀತು. ಗಿಡ ಒಣಗಾಕತ್ತಾವ. ಈ ಸಲದ್ದು ಇಷ್ಟ."

"ಈ ವರ್ಷ ಇಬ್ಬನಿ ಕಡಿಮಿ ಇರಬೇಕ," ಎಂದಳು ಕಾಶವ್ವ.

"ಇರಬೇಕ. ಹೋದ ವರ್ಷಾನೂ ಹಂಗ ಅಂದೆ. ಅದರ ಹಿಂದಿನ ವರ್ಷಾನೂ ಅಂದೆ."

"ಮತ್ತ ಈ ಚಳಿ? ಇದೇನು ಸುಳ್ಳ?"

"ಸುಳ್ಳ್ಯಾಕ ಆಗತೈತಿ? ನಾನೂ ನಡಗಾಕತ್ತೀನಲ್ಲ. ಆದರ ಬೀಗರು ಬಂದಂಗ ಬಂದೈತಿ, ಕಾಶವ್ವಾ. ಬೀಗರು ಒಂದೊಪ್ಪತ್ತು ಉಂಡು ಹೋದರ ನಮ್ಮ ಮನ್ಯಾಗ ಇದ್ದಂಗ ಆತೇನು?"

ಕಾಶವ್ವ ಅಷ್ಟಕ್ಕೆಲ್ಲ ಬಗ್ಗುವವಳಲ್ಲ. ಚಹಾ ಊದುತ್ತ ಮುಂದಿನ ಮಾತು ಹುಡುಕುತ್ತಿದ್ದಳು. ಅಷ್ಟರಲ್ಲಿ ಫಕೀರವ್ವ ಒಲೆಗೆ ಇನ್ನೂ ಹತ್ತಿರ ಸರಿದು, "ಪಂದ್ಯ ಹಾಳಾಗಿ ಹೋಗ್ಲಿ. ಗಂಟು ಬಿಚ್ಚು, ಒಂದು ಕಂಬಳಿ ಕೊಡು ನನಗ. ಮೈ ನಡುಕ ನಿಲ್ಲವಲ್ದು," ಎಂದಳು.

ಕಾಶವ್ವ ಗಂಟು ಬಿಚ್ಚಿದಳು. ಮೇಲೆ ಒಂದು ಚಾದರ ಇತ್ತು, ಹೂವಿನದು. ಅದರ ಕೆಳಗೆ ಪಟ್ಟಿಯ ಚಾದರ. ಅದರ ಕೆಳಗೆ ಇನ್ನೊಂದು. ತಳದ ತನಕ ಕೈ ಹಾಕಿದಳು. ಎಲ್ಲ ತೆಳ್ಳನೆಯ ನೂಲಿನವೇ.

"ಕಂಬಳಿ ಮಾರಾಕಿ ಹತ್ರಾನ ಕಂಬಳಿ ಇಲ್ಲೇನ ಬೇ?"

"ಈಗ ಕಂಬಳಿ ಯಾರ ತಗೋತಾರ," ಎಂದು ಕಾಶವ್ವ ಎಂದಿನ ಹಾಗೆ ಶುರುಮಾಡಿದಳು. "ಎಲ್ಲಾರೂ ಚಾದರಾನ ಕೇಳ್ತಾರ. ಮೊದಲಿನಂಗ ಚಳಿ ಎಲ್ಲೈತಿ..."

ತನ್ನ ಮಾತು ತನಗೇ ಕೇಳಿಸಿತು.

ಕಂಬಳಿ ಹೊರುವುದನ್ನು ತಾನು ಯಾವತ್ತು ಬಿಟ್ಟೆ? ಇಂಥ ದಿನ ಎಂದು ನೆನಪಿರಲಿಲ್ಲ. ಒಂದು ವರ್ಷ ನಾಲ್ಕು ಕಡಿಮೆ ಹೊತ್ತಿದ್ದಳು. ಮರುವರ್ಷ ಇನ್ನಷ್ಟು ಕಡಿಮೆ. ಉಳಿದ ಜಾಗಕ್ಕೆ ಚಾದರ ಬಂದಿದ್ದವು. ರೇಡಿಯೋದವರಿಗೆ ನಕ್ಕವಳು, ಅವರು ಹೇಳಿದ್ದನ್ನೇ ತಲೆಯ ಮೇಲೆ ಹೊತ್ತು ಊರೂರು ತಿರುಗಿದ್ದಳು.

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು.

"ಹೋತು, ಫಕೀರವ್ವಾ," ಎಂದಳು ಕಾಶವ್ವ ಮೆಲ್ಲಗೆ. "ನಮ್ಮ ಚಳಿಗಾಲ ಹೋತು."

"ಅನ್ನಬ್ಯಾಡ ಬೇ." ಫಕೀರವ್ವ ಮುಖ ತಿರುಗಿಸಿದಳು. "ದಿನಾ ಸಂಜಿಗೆ ಅರಿವಿ ಹಾಸುವಾಗ, ಈ ಸಲ ನಾ ಸೋಲಲಿ ಅಂತ ಬೇಡಿಕೊಂಡ ಹಾಸ್ತೀನಿ."

ಕಾಶವ್ವ ಹೆಗಲಿನಿಂದ ಅವ್ವನ ಕಂಬಳಿ ತೆಗೆದಳು. ಮಡಿಕೆಯಲ್ಲಿ ಒಮ್ಮೆ ಮುಖ ಇಟ್ಟಳು. ಹಳೆಯ ಹೊಗೆಯ ವಾಸನೆ ಇನ್ನೂ ಇತ್ತು. ಆಮೇಲೆ ಅದನ್ನು ಗೆಳತಿಗೆ ಹೊದಿಸಿದಳು.

"ಇವತ್ತ ಬ್ಯಾಡ," ಎಂದಳು ಫಕೀರವ್ವ. "ಇಂಥಾ ಚಳ್ಯಾಗ ನೀ ಏನು ಹೊದ್ಕೋತಿ? ಬ್ಯಾಸಿಗ್ಯಾಗ ಬಂದು ಕೊಡು."

"ಬ್ಯಾಸಿಗ್ಯಾಗ ಕೊಟ್ಟರ ಭಾರ ಇಳಿಸಿದಂಗ ಆಗತೈತಿ," ಎಂದಳು ಕಾಶವ್ವ. "ಸಾಲ ತೀರಿಸಿದಂಗ ಆಗೂದಿಲ್ಲ."

ಗಂಟು ಕಟ್ಟಿದಳು. ಹೂವಿನ ಚಾದರ ಹೊದ್ದು ಹೊರಗೆ ಬಂದಳು. ಮಂಜು ಕರಗಿತ್ತು. ಬಸ್ಸಿನ ದಾರಿ ಕಣ್ಣೆದುರೇ ಕಾಣುತ್ತಿತ್ತು. ನಡುಗುತ್ತಲೇ ನಡೆದಳು. ಹೆಗಲ ಮೇಲೆ ಸಾಲ ಇರಲಿಲ್ಲ.

ನೀತಿ: ನಾಲ್ಕು ದಿನ ಮೈ ನಡುಗಿತೆಂದು ಭೂಮಿ ಬಿಸಿಯಾಗುತ್ತಿರುವುದು ಸುಳ್ಳಾಗುವುದಿಲ್ಲ. ಅರಿವೆ ಒಂದು ರಾತ್ರಿಯ ಸುದ್ದಿ ಹೇಳುತ್ತದೆ. ಹಲವು ಚಳಿಗಾಲಗಳ ಸುದ್ದಿ ಬೇಕಾದರೆ ಭರಣಿಯನ್ನೇ ಕೇಳಬೇಕು. ಕಳೆದುಹೋದದ್ದು ಬರಲಿ ಎಂದು ಹಂಬಲಿಸಿದರೆ ತಪ್ಪೇನಿಲ್ಲ, ಆದರೆ ಆ ಹಂಬಲವನ್ನೇ ಸಾಕ್ಷಿ ಮಾಡಿಕೊಳ್ಳಬಾರದು.